ನಿಯೊಡಿಮಿಯಂ

ಗ್ರೀಕಿನಲ್ಲಿ ‘ದಿದಿಮೋಸ್’ ಎಂದರೆ ಅವಳಿ. ಕನ್ನಡ ಬೈಬಲಿನಲ್ಲಿ ತೋಮನಿಗಿರುವ ‘ದಿದುಮ’ ಎಂಬ ಹೆಸರೂ ಅದೇ ಬೇರಿನದು. ಸ್ವೀಡನ್ನಿನ ಕಾರ್ಲ್ ಮೊಸಾಂಡರ್ 1840ರ ದಶಕದ ಆರಂಭದಲ್ಲಿ ಲ್ಯಾಂಥನಮ್‌ನ ಜೊತೆಗೇ ಅಂಟಿಕೊಂಡಿದ್ದ ಹೊಸ ವಸ್ತುವಿಗೆ ‘ಡಿಡಿಮಿಯಂ’ ಎಂದು ಹೆಸರಿಟ್ಟ. ಅದು ಒಂಟಿಯಲ್ಲ, ತಾನೇ ಅವಳಿ ಎಂಬುದು ಬಯಲಾದದ್ದು 1885ರಲ್ಲಿ. ಆಸ್ಟ್ರಿಯದ ಆವರ್ ಫಾನ್ ವೆಲ್ಸ್‌ಬಾಕ್ ಅದನ್ನು ಎರಡಾಗಿ ಒಡೆದ: ಹಸಿರು ಲವಣದ ಪ್ರೇಸಿಯೊಡಿಮಿಯಂ, ‘ಹೊಸ ಅವಳಿ’ ನಿಯೊಡಿಮಿಯಂ. ‘ನಿಯೊಡಿಡಿಮಿಯಂ’ ಆಗಬೇಕಿದ್ದ ಪದದಲ್ಲಿ ಒಂದು ‘ಡಿ’ ಉದುರಿತು. ನಾಲಿಗೆಗೆ ಉಪಕಾರವೇ ಆಯಿತು.

ಹಳೆಯ ಹೆಸರು ಸತ್ತಿಲ್ಲ. ಗಾಜು ಊದುವವರ ಕನ್ನಡಕ ಇಂದಿಗೂ ಡಿಡಿಮಿಯಂ ಕನ್ನಡಕ. ಜ್ವಾಲೆಯಲ್ಲಿ ಕಣ್ಣು ಕುಕ್ಕುವ ಸೋಡಿಯಂ ಹಳದಿಯನ್ನು ಅದು ನುಂಗಿಬಿಡುತ್ತದೆ.

ಶಿಲಾವಿಜ್ಞಾನಿಗಳಿಗೆ ಬೇಕಾದದ್ದು ಹೊಸ ಅವಳಿಯ ಏಳು ಸಮಸ್ಥಾನಿಗಳು, ಅಂದರೆ ತೂಕದಲ್ಲಷ್ಟೇ ಬೇರೆಯಾದ ಅದರ ಏಳು ರೂಪಗಳು. ಕಲ್ಲನ್ನು ಪುಡಿಮಾಡಿ, ಹೈಡ್ರೊಫ್ಲೋರಿಕ್ ಆಮ್ಲದಲ್ಲಿ ಕರಗಿಸಿ, ರಾಳ ತುಂಬಿದ ಸಪೂರ ಕೊಳವೆಯಲ್ಲಿ ಹನಿಹನಿಯಾಗಿ ಇಳಿಸಿ ನಿಯೊಡಿಮಿಯಂ ಬೇರ್ಪಡಿಸುತ್ತಾರೆ. ಬೇರ್ಪಡಿಸಲು ಸತಾಯಿಸುವ ಪ್ರೇಸಿಯೊಡಿಮಿಯಂ ಜೊತೆಗೆ ಬಂದರೂ ದೊಡ್ಡ ಚಿಂತೆಯಿಲ್ಲ. ಅದಕ್ಕಿರುವುದು 141 ತೂಕದ ಒಂದೇ ಸ್ಥಿರ ಸಮಸ್ಥಾನಿ. ತಲೆನೋವು ಕೊಡುವವರು ನೆರೆಯವರು. ಸೀರಿಯಂ 142ರಲ್ಲಿ, ಸಮೇರಿಯಂ 144, 148, 150ರಲ್ಲಿ ನಿಯೊಡಿಮಿಯಂನ ವೇಷ ಹಾಕುತ್ತವೆ. ಕೊಳವೆಯಲ್ಲೂ ಸಮಸ್ಥಾನಿಗಳನ್ನು ತೂಕದಿಂದ ಅಳೆಯುವ ಉಪಕರಣದಲ್ಲೂ ಹಗುರ–ಭಾರಗಳ ಪ್ರಮಾಣ ತುಸು ಏರುಪೇರಾಗುತ್ತದೆ. ಅದನ್ನು ಸರಿಪಡಿಸಲು ಪ್ರಮಾಣ ಗೊತ್ತಿರುವ ಎರಡು ಸಮಸ್ಥಾನಿಗಳ ಮಿಶ್ರಣವನ್ನು ಮೊದಲೇ ಬೆರೆಸಿಡುತ್ತಾರೆ: ಲೆಕ್ಕ ತಪ್ಪದಿರಲು ಅಲ್ಲೂ ಒಂದು ಜೋಡಿ.