ಪದಾವಳಿಯೂ ಪಾಠಭಾಗವೂ: ತುಂಗಭದ್ರೆಯ ಎರಡು ದಡಗಳಲ್ಲಿ ಶಬ್ದಶಿಕ್ಷಣ

ಅಮರಸಿಂಹನ ನಾಮಲಿಂಗಾನುಶಾಸನದ ವೈಶ್ಯವರ್ಗದಲ್ಲಿ ಮೆಣಸಿಗೆ ಮರೀಚ, ಕೋಲಕ, ಊಷಣ ಮೊದಲಾದ ಹೆಸರುಗಳು ಹೇಳಲ್ಪಟ್ಟಿವೆ. ಬ್ಯಾಡಗಿಯ ಬಾಲಕನು ಇವೆಲ್ಲವನ್ನೂ ಬಾಯಿಪಾಠ ಮಾಡಿ ಒಪ್ಪಿಸಿದರೂ ತನ್ನ ಊರಿಗೆ ಕೀರ್ತಿ ತಂದ ಮೆಣಸಿನಕಾಯಿಗೆ ಆ ಕೋಶದಲ್ಲಿ ಒಂದು ಹೆಸರೂ ದೊರೆಯದು. ಆ ಗಿಡವು ಅಮೇರಿಕಾ ಖಂಡದಿಂದ ಪೋರ್ತುಗೀಜರ ಮೂಲಕ ಈ ದೇಶಕ್ಕೆ ಬಂದದ್ದು 16ನೆಯ ಶತಮಾನದಲ್ಲಿ. ಕೋಶವು ಅದಕ್ಕಿಂತ ಬಹು ಪ್ರಾಚೀನವಾದುದು. ಕನ್ನಡಿಗರು ಹಳೆಯ ಮೆಣಸಿನ ಹೆಸರಿಗೆ ಕಾಯಿಯನ್ನು ಸೇರಿಸಿ ಹೊಸ ಪದಾರ್ಥವನ್ನು ಕರೆದರು. ಪೇಟೆಯವರು ಅದರಲ್ಲಿಯೇ ಡಬ್ಬಿ, ಕಡ್ಡಿ ಎಂಬ ಭೇದಗಳನ್ನೆಣಿಸಿದರು. ಈ ಮಾತುಗಳನ್ನು ಬಾಲಕನು ಕಲಿತದ್ದು ಕೋಶದಿಂದಲ್ಲ, ಅವು ಬಳಕೆಯಾಗುವ ಎಡೆಯಿಂದ. ಶಬ್ದಸಂಪತ್ತು ಪಟ್ಟಿಯ ಕಂಠಪಾಠದಿಂದ ಬೆಳೆಯುವುದೋ, ಅರ್ಥವರಿತು ಓದುವ ಪಾಠಭಾಗದಿಂದ ಬೆಳೆಯುವುದೋ ಎಂಬ ವಿವಾದವನ್ನು ಇಂಗ್ಲಿಷು ಮೊದಲಾದ ಪರಭಾಷೆಗಳನ್ನು ಕಲಿಸುವವರು ಇತ್ತೀಚಿನದೆಂದು ಭಾವಿಸುವುದುಂಟು. ಈ ಸೀಮೆಯ ಇತಿಹಾಸವನ್ನು ನೋಡಿದರೆ ಅದು ಎಷ್ಟು ಹಳೆಯದೆಂಬುದು ತಿಳಿದುಬರುತ್ತದೆ.

ರಾಣೆಬೆನ್ನೂರು, ಹಾವೇರಿಗಳ ಮೂಡಣಕ್ಕೆ ತುಂಗಭದ್ರೆಯನ್ನು ದಾಟಿದರೆ ಹರಪನಹಳ್ಳಿ, ಹಡಗಲಿಗಳ ಪ್ರದೇಶ. ಇದು ಅಂದು ಮದರಾಸು ಆಧಿಪತ್ಯದ ಬಳ್ಳಾರಿ ಜಿಲ್ಲೆಗೆ ಸೇರಿತ್ತು. ಈಚೆಯ ದಡವು ಮುಂಬಯಿ ಇಲಾಖೆಯ ಧಾರವಾಡಕ್ಕೆ. ಬಳ್ಳಾರಿಯ ಕಲೆಕ್ಟರನಾಗಿದ್ದ ಎ. ಡಿ. ಕ್ಯಾಂಬೆಲ್ಲನು 1823ನೆಯ ಇಸವಿ ಆಗಸ್ಟ್ 17ರಂದು ತನ್ನ ಜಿಲ್ಲೆಯ ಶಾಲೆಗಳನ್ನು ಕುರಿತು ಸರಕಾರಕ್ಕೆ ಬರೆದ ವರದಿಯು ಈ ವಿಷಯಕ್ಕೆ ಮುಖ್ಯವಾದ ಆಧಾರ. ಅವನ ಎಣಿಕೆಯಂತೆ ಒಟ್ಟು 533 ಶಾಲೆಗಳು, 6,641 ವಿದ್ಯಾರ್ಥಿಗಳು. ಶಾಲೆಗಳಲ್ಲಿ 235 ಕನ್ನಡದವು, 226 ತೆಲುಗಿನವು, 23 ಮರಾಠಿಯವು. ಇಂಗ್ಲಿಷು ಶಾಲೆ ಒಂದೇ ಒಂದು. ಕ್ಯಾಂಬೆಲ್ಲನು ತೆಲುಗಿಗೆ ವ್ಯಾಕರಣವನ್ನೂ ಕೋಶವನ್ನೂ ರಚಿಸಿದ ಪಂಡಿತನಾದುದರಿಂದ ಅವನ ದೃಷ್ಟಿಯು ಬರಿಯ ಲೆಕ್ಕದಲ್ಲಿ ನಿಲ್ಲಲಿಲ್ಲ. ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದಿಸುವ ಮಿತವ್ಯಯವನ್ನೂ, ಹಿರಿಯ ಹುಡುಗರು ಕಿರಿಯರಿಗೆ ಕಲಿಸುವ ಪದ್ಧತಿಯನ್ನೂ ಅವನು ಮನಸಾರೆ ಮೆಚ್ಚಿದನು. ಆದರೆ ಓದುವ ಗ್ರಂಥಗಳ ವಿಷಯದಲ್ಲಿ ಅವನ ತೀರ್ಪು ಕಠಿಣವಾಗಿದೆ. ರಾಮಾಯಣ, ಭಾರತ, ಭಾಗವತ, ಬಸವಪುರಾಣ, ಗಿರಿಜಾಕಲ್ಯಾಣ ಮೊದಲಾದವು ಓದಲ್ಪಡುತ್ತಿದ್ದವು. ಅವುಗಳ ಕಾವ್ಯಭಾಷೆಯು ಆಡುಮಾತಿನಿಂದ ದೂರವಾದುದು; ಲಿಪಿ ಒಂದೇ ಆದುದರಿಂದ ಬಾಲಕನು ಸರಾಗವಾಗಿ ಓದುವನು, ಅರ್ಥವನ್ನು ಮಾತ್ರ ಅರಿಯನು; ಅನೇಕ ಗುರುಗಳೂ ಅರಿಯರು. ಇದು ಗಿಳಿಯೋದಿಗಿಂತ ಮೇಲಲ್ಲವೆಂಬುದು ಅವನ ಮತ.

1983ರಲ್ಲಿ ಧರ್ಮಪಾಲರು ಈ ವರದಿಯನ್ನು ಇತರ ವರದಿಗಳೊಡನೆ ಗ್ರಂಥರೂಪದಲ್ಲಿ ಹೊರತಂದ ಮೇಲೆ ವಿದ್ವಾಂಸರ ಚರ್ಚೆಯು ಬಹುಮಟ್ಟಿಗೆ ಶಾಲೆಗಳ ಸಂಖ್ಯೆಯ ಸುತ್ತಲೇ ನಡೆಯಿತು. ಅದೇ ವರದಿಯ ಇನ್ನೊಂದು ಮಾತು ಅಷ್ಟಾಗಿ ಲಕ್ಷ್ಯಕ್ಕೆ ಬಂದಿಲ್ಲ. ನಿಘಂಟು, ಅಮರ, ಶಬ್ದಮಣಿದರ್ಪಣ ಮೊದಲಾದ ಕೋಶ-ವ್ಯಾಕರಣಗಳು ಅತ್ಯವಶ್ಯವಾದರೂ ಶಾಲೆಗಳಲ್ಲಿ ಅತಿ ವಿರಳವೆಂದೂ, ಇದ್ದ ಪ್ರತಿಗಳು ಲಿಪಿಕಾರರ ಪ್ರಮಾದದಿಂದ ತುಂಬಿವೆಯೆಂದೂ ಕ್ಯಾಂಬೆಲ್ಲನು ಹೇಳುತ್ತಾನೆ. ಎಂದರೆ ಪಾಠಭಾಗವಿತ್ತು, ಅರ್ಥವನ್ನು ತೋರುವ ಕೀಲಿಯಿರಲಿಲ್ಲ. ಇದು ಬುದ್ಧಿಯ ಕೊರತೆಯಲ್ಲ, ಪುಸ್ತಕದ ಕೊರತೆ.

ಕೀಲಿಯು ದೊರೆತಿದ್ದರೂ ಅದು ಬಾಲಕರ ಕೈಗೆ ಒಗ್ಗುವಂತಹುದಾಗಿತ್ತೇ ಎಂಬುದು ಬೇರೆ ಪ್ರಶ್ನೆ. ಕನ್ನಡದ ನಿಘಂಟುಗಳು ಆರಂಭದ ಓದುಗರಿಗಾಗಿ ಹುಟ್ಟಿದವುಗಳಲ್ಲ. ಲಿಂಗಮಂತ್ರಿಯ ಷಟ್ಪದಿಯ ಕೋಶಕ್ಕೆ ಕಬ್ಬಿಗರ ಕೈಪಿಡಿಯೆಂದೇ ಹೆಸರು. 1398ರಲ್ಲಿ ಮಂಗರಾಜನು ಬರೆದ ಅಭಿನವಾಭಿಧಾನವೂ ಅದೇ ಜಾತಿಯದು. ಕವಿಯಾಗಬಯಸುವವನಿಗೆ ಒಂದು ಅರ್ಥಕ್ಕೆ ಹತ್ತು ಶಬ್ದಗಳು ಬೇಕು. ಕಲಿಯುವವನಿಗೆ ಒಂದು ಶಬ್ದವು ಹತ್ತು ಕಡೆ ಕಾಣಿಸಿಕೊಳ್ಳಬೇಕು. ಈ ಭೇದವನ್ನು ಮರೆತು ಕವಿಗಳ ಸಾಧನವನ್ನು ಮಕ್ಕಳ ಕೈಗೆ ಕೊಟ್ಟದ್ದರಲ್ಲಿಯೇ ತಪ್ಪಿದೆ. ಚೀನದ ಸಹಸ್ರಾಕ್ಷರೀ ಗ್ರಂಥವು ಇದಕ್ಕೆ ಒಳ್ಳೆಯ ಹೋಲಿಕೆ. ಲಿಯಾಂಗ್ ವಂಶದ ವೂ ಚಕ್ರವರ್ತಿಯ ಕಾಲದಲ್ಲಿ ಝೌ ಶಿಂಗ್‌ಸಿ ಎಂಬವನು ರಚಿಸಿದ ಆ ಪದ್ಯಗ್ರಂಥದಲ್ಲಿ ನಾಲ್ಕು ನಾಲ್ಕು ಅಕ್ಷರಗಳ 250 ಸಾಲುಗಳಿವೆ. ಸಾವಿರ ಅಕ್ಷರಗಳಲ್ಲಿ ಒಂದೂ ಮರಳಿ ಬರುವುದಿಲ್ಲ. ಅದನ್ನು ಶತಮಾನಗಳ ಕಾಲ ಚೀನೀ ಬಾಲಕರು ಕಂಠಸ್ಥ ಮಾಡಿದರು. ಪುನರುಕ್ತಿಯಿಲ್ಲದಿರುವುದು ರಚಕನ ಚಾತುರ್ಯ. ಕಲಿಯುವವನಿಗಾದರೋ ಪುನರುಕ್ತಿಯೇ ಆಶ್ರಯ.

ಶಬ್ದವನ್ನು ಪ್ರಯೋಗದಲ್ಲಿಟ್ಟು ತೋರಿಸುವ ಮಾರ್ಗವು ಕನ್ನಡಕ್ಕೆ ಅಪರಿಚಿತವಾಗಿರಲಿಲ್ಲ. 13ನೆಯ ಶತಮಾನದ ಕೇಶಿರಾಜನು ಸೂತ್ರವನ್ನು ಹೇಳಿ, ವೃತ್ತಿಯನ್ನು ಬರೆದು, ಅಲ್ಲಿಗೆ ನಿಲ್ಲದೆ ಪೂರ್ವಕವಿಗಳ ಪ್ರಯೋಗಗಳನ್ನು ಎತ್ತಿಕೊಡುತ್ತಾನೆ. ಊರಿನ ಗುಡಿಯಲ್ಲಿಯೋ ಮಠದಲ್ಲಿಯೋ ನಡೆಯುತ್ತಿದ್ದ ಪುರಾಣಶ್ರವಣದಲ್ಲಿಯೂ ಇದೇ ಕ್ರಮ: ಒಬ್ಬನು ಪದ್ಯವನ್ನು ವಾಚಿಸುವನು, ಇನ್ನೊಬ್ಬನು ಅರ್ಥ ಹೇಳುವನು. ಒಂದೇ ಪುರಾಣವು ವರ್ಷ ವರ್ಷವೂ ನಡೆದರೆ ಕಠಿಣವಾದ ಮಾತು ಕಥೆಯ ಬಲದಿಂದಲೇ ಪರಿಚಿತವಾಗುವುದು. ಕ್ಯಾಂಬೆಲ್ಲನ ವರದಿಯು ಹಗಲಿನ ಶಾಲೆಯ ವರದಿ. ಈ ರಾತ್ರಿಯ ಶಾಲೆಯು ಅದರೊಳಗೆ ಬರುವಂತಿರಲಿಲ್ಲ. ಅಕ್ಷರವರಿಯದ ಒಕ್ಕಲಿಗನಿಗೆ ಅರ್ಥವಾಗುವ ಪುರಾಣದ ಮಾತು ಶಾಲೆಯ ಹುಡುಗನಿಗೆ ಅರ್ಥವಾಗದಿದ್ದುದು ಹೀಗೆ ಸಂಭವಿಸಿರಬೇಕೆಂದು ಊಹಿಸಲವಕಾಶವಿದೆ.

1854ರ ಶಿಕ್ಷಣ ಖಲೀತೆಯ ತರುವಾಯ ಈಚೆಯ ದಡದ ಗಾಂವಠಿ ಶಾಲೆಗಳ ಸ್ಥಾನದಲ್ಲಿ ಸರಕಾರಿ ಕನ್ನಡ ಶಾಲೆಗಳು ನೆಲೆಗೊಂಡವು. ಡೆಪ್ಯುಟಿ ಚನ್ನಬಸಪ್ಪನವರ ಮತ್ತು ವೆಂಕಟ ರಂಗೋ ಕಟ್ಟಿಯವರ ಪೀಳಿಗೆಯ ಶ್ರಮದಿಂದ ಮರಾಠಿಯ ಪ್ರಾಬಲ್ಯವು ತಗ್ಗಿ, ಗದ್ಯದಲ್ಲಿ ಬರೆದ ಕನ್ನಡ ಪಾಠಗಳು ಮಕ್ಕಳ ಕೈಸೇರಿದವು. ಆಡುಮಾತಿಗೂ ಗ್ರಂಥಕ್ಕೂ ನಡುವಣ ಸೇತುವೆ ಇದು; ಇದರ ಉಪಕಾರವು ಸಾಮಾನ್ಯವಲ್ಲ. ಆದರೆ ಹಳೆಯ ರೋಗವು ಹೊಸ ರೂಪದಲ್ಲಿ ತಲೆದೋರಿತು. ಪಾಠದ ಜೊತೆಗೆ ಕೊಡುವ ಶಬ್ದಾರ್ಥಗಳನ್ನು ಪಾಠದಿಂದ ಬಿಡಿಸಿ ಉರುಹೊಡೆಯುವುದೂ ಒಂದು ಅಮರಪಾಠವೇ ಸರಿ. ಈ ಅಮರದಲ್ಲಿ ಛಂದಸ್ಸಿನ ಸೊಗಸೂ ಇಲ್ಲ.

ಇಂಗ್ಲಿಷು ಕಲಿಯುವವರಿಗಾಗಿ ಬಾಸೆಲ್ ಮಿಶನ್ನಿನ ಜೀಗ್ಲರನ ಇಂಗ್ಲಿಷು-ಕನ್ನಡ ಶಾಲಾಕೋಶವು 1876ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. 1894ರಲ್ಲಿ ಹೊರಬಿದ್ದ ಕಿಟ್ಟೆಲ್ಲನ ಮಹಾಕೋಶದ ಹಾದಿ ಬೇರೆ. ಅಲ್ಲಿ ಅನೇಕ ಶಬ್ದಗಳ ಕೆಳಗೆ ಗಾದೆಗಳಿವೆ. ದಕ್ಷಿಣ ಮರಾಠಾ ಸೀಮೆಯ ಬಳಕೆಯೆಂಬ ಗುರುತಿನೊಡನೆ ಧಾರವಾಡದ ಕಡೆಯ ಮಾತುಗಳಿವೆ. ಗಾದೆಯೆಂಬುದು ಅತಿ ಚಿಕ್ಕದಾದ ಪಾಠಭಾಗವೇ. ಬೂಖರನು 1899ರಲ್ಲಿ ಶಾಲೆಗಳಿಗಾಗಿ ಆ ಕೋಶವನ್ನು ಆಧರಿಸಿ ಒಂದು ಕಿರುಕೋಶವನ್ನು ಸಿದ್ಧಪಡಿಸಿದನು.

ಇಂಗ್ಲಿಷು ಪಾಠಪುಸ್ತಕಗಳಲ್ಲಿ ಈ ತತ್ವವು ಶಾಸ್ತ್ರದ ರೂಪವನ್ನು ತಾಳಿದ್ದು ಭರತಖಂಡದ ನೆಲದಲ್ಲಿಯೇ ಎಂಬುದು ಗಮನಾರ್ಹ. ಢಾಕಾದಲ್ಲಿ ಅಧ್ಯಾಪಕರ ಕಾಲೇಜನ್ನು ನಡೆಯಿಸುತ್ತಿದ್ದ ಮೈಕೇಲ್ ವೆಸ್ಟನು ಬಂಗಾಳದ ದ್ವಿಭಾಷಾ ಶಿಕ್ಷಣವನ್ನು ಕುರಿತ ತನ್ನ ಗ್ರಂಥವನ್ನು 1926ರಲ್ಲಿ ಪ್ರಕಟಿಸಿದನು. ಒಂದು ಪುಟದಲ್ಲಿ ಹೊಸ ಶಬ್ದಗಳು ಕೆಲವೇ ಇರಬೇಕು, ಅವು ಮುಂದೆ ಮತ್ತೆ ಮತ್ತೆ ಬರಬೇಕು, ವಿರಳವಾದ ಮಾತಿನ ಸ್ಥಳದಲ್ಲಿ ಬಳಕೆಯ ಮಾತನ್ನಿಡಬೇಕು ಎಂಬುದು ಅವನ ವಾಚನಪುಸ್ತಕಗಳ ನಿಯಮ. ಚೀನದಲ್ಲಿ ಇಂಗ್ಲಿಷು ಕಲಿಸಿದ ಲಾರೆನ್ಸ್ ಫಾಸೆಟ್ಟನೂ ಜಪಾನಿನಲ್ಲಿದ್ದ ಹೆರಲ್ಡ್ ಪಾಮರನೂ ಬೇರೆ ಬೇರೆ ದಾರಿಗಳಿಂದ ಇದೇ ಸಮಸ್ಯೆಗೆ ಬಂದು, 1934ರಲ್ಲಿ ನ್ಯೂಯಾರ್ಕಿನ ಕಾರ್ನೆಗೀ ಪರಿಷತ್ತಿನಲ್ಲಿ ವೆಸ್ಟನೊಡನೆ ಕಲೆತರು. ಆಯ್ದ ಶಬ್ದಗಳ ಪಟ್ಟಿಯೇ ಆ ಪರಿಷತ್ತಿನ ಫಲ. ಆದರೆ ಆ ಪಟ್ಟಿಯು ಪಾಠವನ್ನು ಬರೆಯುವವನಿಗೆ ಸಾಧನವೇ ಹೊರತು ವಿದ್ಯಾರ್ಥಿಗೆ ಬಾಯಿಪಾಠವಲ್ಲ. ಲಿಂಗಮಂತ್ರಿಯ ಕೈಪಿಡಿಯು ಕಬ್ಬಿಗನಿಗಾಗಿ ಇದ್ದಂತೆ.

ಇತ್ತ ಹಾವೇರಿ ಸೀಮೆಯಲ್ಲಿ ಶಾಲೆಯ ಹೊರಗಣ ಓದು ತನ್ನದೇ ದಾರಿಯಲ್ಲಿ ಬೆಳೆಯಿತು. ವರದಾ-ತುಂಗಭದ್ರೆಗಳ ಸಂಗಮದ ಗಳಗನಾಥದಲ್ಲಿ 1869ರಲ್ಲಿ ಹುಟ್ಟಿ, ಶಾಲಾಮಾಸ್ತರರಾಗಿದ್ದ ವೆಂಕಟೇಶ ತಿರಕೋ ಕುಲಕರ್ಣಿಯವರು ಊರಿನ ಹೆಸರಿನಿಂದಲೇ ಗ್ರಂಥಕರ್ತರಾಗಿ ಪ್ರಸಿದ್ಧರಾದರು. ಹರಿ ನಾರಾಯಣ ಆಪಟೆಯವರ ಮರಾಠಿ ಕಾದಂಬರಿಗಳನ್ನು ಕನ್ನಡಕ್ಕೆ ತಂದು, ಸ್ವತಂತ್ರವಾಗಿಯೂ ಬರೆದು, ಅಗಡಿಯಿಂದ ಹೊರಡುತ್ತಿದ್ದ ಸದ್ಬೋಧ ಚಂದ್ರಿಕೆಯ ಮೂಲಕ ಅವರು ಮನೆಮನೆಗೆ ಓದನ್ನು ಮುಟ್ಟಿಸಿದರು. ಉದ್ದವಾದ ಕಥೆಯಲ್ಲಿ ಕಠಿಣವಾದ ಮಾತು ಮೊದಲ ಪ್ರಕರಣದಲ್ಲಿ ಅರ್ಥವಾಗದಿದ್ದರೂ ಹತ್ತನೆಯದರಲ್ಲಿ ತಾನಾಗಿ ಅರ್ಥವಾಗುತ್ತದೆ. ಓದುಗನು ಮುಂದೇನಾಯಿತೆಂಬ ಕುತೂಹಲದಿಂದ ಓದುತ್ತಾನೆಯೇ ವಿನಾ ಶಬ್ದಕ್ಕಾಗಿ ಅಲ್ಲ. ಗಳಗನಾಥರು ತಮ್ಮ ಪುಸ್ತಕಗಳನ್ನು ತಾವೇ ಹೊತ್ತುಕೊಂಡು ಊರೂರು ತಿರುಗಿ ಮಾರಿದರು. ಅವರು 1942ರಲ್ಲಿ ದಿವಂಗತರಾದರು.