ಘಟಪ್ರಭೆಯ ಬಯಲಿನಲ್ಲಿ ಸಣ್ಣ ಕಾರು: ದುರಸ್ತಿಯಿಂದ ಮಾರ್ಪಾಡಿನವರೆಗೆ

ಬೆಳಗಾವಿ ಜಿಲ್ಲೆಯ ಗೋಕಾಕ, ಅದರಿಂದ ಬೇರ್ಪಟ್ಟು ರೂಪುಗೊಂಡ ಮೂಡಲಗಿ ಮತ್ತು ನೆರೆಯ ಹುಕ್ಕೇರಿ ತಾಲೂಕುಗಳ ಕಬ್ಬಿನ ಊರುಗಳಲ್ಲಿ, ಮಸಗುಪ್ಪಿಯಂಥ ಹಳ್ಳಿಗಳಲ್ಲಿ ಸಹ, ಟ್ರ್ಯಾಕ್ಟರಿನ ಪಕ್ಕದಲ್ಲಿ ಸ್ವಿಫ್ಟ್ ಅಥವಾ ಪೋಲೊ ಕಾರು ನಿಂತಿರುವುದು ಈಗ ಯಾರಿಗೂ ವಿಶೇಷವೆನಿಸುವುದಿಲ್ಲ. ಆ ಕಾರಿನ ಚಕ್ರ, ಸೈಲೆನ್ಸರ್, ದೀಪಗಳು ಕಂಪನಿಯಿಂದ ಬಂದಾಗಿನಂತೆ ಉಳಿದಿಲ್ಲದಿರುವುದೂ ಅಷ್ಟೇ ಸಾಮಾನ್ಯ. ಈ ಹವ್ಯಾಸವು ಹಾಲಿವುಡ್ ಚಿತ್ರಗಳಿಂದಲೂ ಮಹಾನಗರಗಳ ಶ್ರೀಮಂತ ಯುವಕರಿಂದಲೂ ಇತ್ತೀಚೆಗೆ ಹಳ್ಳಿಗೆ ಇಳಿದುಬಂದದ್ದೆಂದು ಹೇಳುವುದು ವಾಡಿಕೆ. ಆದರೆ ಎಂಜಿನ್ನನ್ನು ಬಿಚ್ಚಿ, ಕೊರೆದು, ಮೂಲ ತಯಾರಕ ಉದ್ದೇಶಿಸಿರದ ಕೆಲಸಕ್ಕೆ ಒಗ್ಗಿಸುವ ಕೈಗಾರಿಕೆ ಈ ಭಾಗದಲ್ಲಿ ಕಾರಿಗಿಂತಲೂ ಹಳೆಯದು. ಕಾರಿನ ಮೇಲೆ ಅಂಟಿಸುವ ಅಲಂಕಾರವು ಹೊರಗಿನಿಂದ ಬಂದಿರಬಹುದಾದರೂ, ಅದರ ಬಾನೆಟ್ಟಿನ ಕೆಳಗೆ ನಡೆದ ಕೆಲಸದ ಬೇರುಗಳು ಸ್ಥಳೀಯವಾದವು.

ಸವದತ್ತಿ ಸೀಮೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಜನಿಸಿದ ಲಕ್ಷ್ಮಣರಾವ್ ಕಿರ್ಲೋಸ್ಕರರು 1888ರಲ್ಲಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿ ತೆರೆದು, ಅಲ್ಲಿಂದ ಮೇವು ಕತ್ತರಿಸುವ ಯಂತ್ರಕ್ಕೂ ಕಬ್ಬಿಣದ ನೇಗಿಲಿಗೂ ಸಾಗಿ, 1910ರಲ್ಲಿ ಕಿರ್ಲೋಸ್ಕರವಾಡಿಗೆ ಕಾರ್ಖಾನೆಯನ್ನು ಸ್ಥಳಾಂತರಿಸಿದರು. ಇದಕ್ಕೆ ಸಮಕಾಲೀನವಾಗಿ, 1880ರ ದಶಕದಲ್ಲಿಯೇ, ಗೋಕಾಕ ಜಲಪಾತದ ನೀರಿನ ಬಲದಿಂದ ಅಲ್ಲಿನ ನೂಲಿನ ಗಿರಣಿ ತಿರುಗತೊಡಗಿತ್ತು. ಹೀಗೆ ಶಾಫ್ಟು, ಬೇರಿಂಗು, ಪಟ್ಟಿ ಎಂಬ ಪದಗಳು ಈ ಸೀಮೆಯ ಆಡುಮಾತಿಗೆ ಬಂದು ನೂರು ವರ್ಷಗಳಿಗೂ ಮಿಕ್ಕಿದೆ. ಬಳಿಕ ಡೀಸೆಲ್ ಎಂಜಿನ್ನಿನ ಪಂಪ್‌ಸೆಟ್ಟುಗಳು ಬಂದವು; ಘಟಪ್ರಭಾ ನದಿಯ ಹಿಡಕಲ್ ಅಣೆಕಟ್ಟು 1970ರ ದಶಕದಲ್ಲಿ ಪೂರ್ಣಗೊಂಡು ಕಾಲುವೆಯ ನೀರು ಹರಿದಂತೆ ಕಬ್ಬು, ಕಬ್ಬಿನೊಡನೆ ಸಕ್ಕರೆ ಕಾರ್ಖಾನೆ, ಕಾರ್ಖಾನೆಗೆ ಕಬ್ಬು ಸಾಗಿಸಲು ಟ್ರ್ಯಾಕ್ಟರುಗಳು ಹೆಚ್ಚಿದವು. ಬೆಳಗಾವಿಯ ಉದ್ಯಮಬಾಗದ ಎರಕದ ಕಾರ್ಖಾನೆಗಳೂ ಲೇತ್ ಅಂಗಡಿಗಳೂ, ಇನ್ನೊಂದು ದಿಕ್ಕಿನಲ್ಲಿ ಕೊಲ್ಹಾಪುರದ ಯಂತ್ರೋದ್ಯಮವೂ, ಗೋಕಾಕದ ಮಿಸ್ತ್ರಿಗೆ ಒಂದು ದಿನದಲ್ಲಿ ಹೋಗಿ ಬರುವಷ್ಟು ಹತ್ತಿರದಲ್ಲಿದ್ದವು.

ಈ ಪರಂಪರೆಯ ಮುಖ್ಯ ಕೌಶಲ ‘ಬೋರಿಂಗ್’, ಅಂದರೆ ಪಿಸ್ಟನ್ನಿನ ಉಜ್ಜಾಟದಿಂದ ಸವೆದು ಅಂಡಾಕಾರವಾದ ಸಿಲಿಂಡರನ್ನು ಕೊರೆದು ಮತ್ತೆ ದುಂಡಗಾಗಿಸಿ, ಮೊದಲಿಗಿಂತ ಕೂದಲೆಳೆಯಷ್ಟು ದೊಡ್ಡದಾದ ‘ಓವರ್‌ಸೈಜ್’ ಪಿಸ್ಟನ್ನನ್ನು ಕೂರಿಸುವುದು. ಇದು ದುರಸ್ತಿಯೇ ಹೌದು. ಆದರೆ ಎಂಜಿನ್ನಿನ ಗಾತ್ರ ಅಷ್ಟರಮಟ್ಟಿಗೆ ಹಿಗ್ಗಿರುತ್ತದೆ. ಹೊಸ ಬಿಡಿಭಾಗ ಸಿಗದ, ಸಿಕ್ಕರೂ ಕೊಳ್ಳಲಾಗದ ಕಾಲದಲ್ಲಿ ಮಿಸ್ತ್ರಿಗಳು ದುರಸ್ತಿಗೂ ಮಾರ್ಪಾಡಿಗೂ ನಡುವೆ ಗೆರೆ ಎಳೆಯುವ ಗೋಜಿಗೆ ಹೋಗಲಿಲ್ಲ. ಪೆಟ್ರೋಲ್ ಎಂಜಿನ್ನಿನ ಜೀಪಿಗೂ ಅಂಬಾಸಿಡರಿಗೂ ಡೀಸೆಲ್ ಎಂಜಿನ್ ಕೂರಿಸುವುದು ದೇಶದ ಹಲವೆಡೆ ರೂಢಿಯಲ್ಲಿತ್ತು. ಅದರ ಉದ್ದೇಶ ವೇಗವಲ್ಲ, ‘ಆವರೇಜ್’. ಲೀಟರಿಗೆ ಎಷ್ಟು ಕಿಲೋಮೀಟರ್ ಎಂಬ ಲೆಕ್ಕಕ್ಕೆ ಮರಾಠಿ ಗಡಿಯ ಈ ಭಾಗದಲ್ಲಿ ಇಂದಿಗೂ ಇದೇ ಮಾತು.

ವೇಗದ ಹಾಗೂ ಬಲದ ಆಸೆಗೆ ಮಾತ್ರ ಬೇರೆಯೇ ಮೂಲವಿದೆ. ಗಾಲಿ ಕಟ್ಟಿ ಭಾರ ಹೇರಿದ ಬಂಡಿಯನ್ನು ಎತ್ತುಗಳಿಂದ ಎಳೆಸುವ ತೆರಬಂಡಿ ಸ್ಪರ್ಧೆ ಬೆಳಗಾವಿ, ಬಾಗಲಕೋಟೆ ಸೀಮೆಯ ಜಾತ್ರೆಗಳಲ್ಲಿ ಬಹುಕಾಲದಿಂದ ನಡೆದು ಬಂದಿದೆ. ಈಚಿನ ದಶಕಗಳಲ್ಲಿ ಅದರ ಪಕ್ಕದಲ್ಲಿಯೇ ಟ್ರ್ಯಾಕ್ಟರ್ ಜಗ್ಗುವ ಸ್ಪರ್ಧೆಗಳೂ ಹುಟ್ಟಿಕೊಂಡಿವೆ. ಇಂಥ ಸ್ಪರ್ಧೆಗೆ ಸಿದ್ಧಗೊಳಿಸುವಾಗ ಡೀಸೆಲ್ ಪಂಪಿನ ತಿರುಪನ್ನು ಹೊಂದಿಸಿ ಪ್ರತಿ ಹೊಡೆತಕ್ಕೂ ಹೆಚ್ಚು ಇಂಧನ ಚಿಮ್ಮುವಂತೆ ಮಾಡಲಾಗುತ್ತದೆ, ಹೊಗೆಕೊಳವೆಯಿಂದ ಹೊಮ್ಮುವ ಕಡುಗಪ್ಪು ಹೊಗೆಯೇ ಅದರ ಗುರುತು. ಯಂತ್ರದ ಬಲವನ್ನು ಊರ ಮುಂದೆ ಪಣಕ್ಕಿಡುವ ಈ ಮನೋಧರ್ಮವನ್ನು ಗಮನಿಸದೆ ಇಲ್ಲಿನ ಕಾರಿನ ಹುಚ್ಚನ್ನು ಅರ್ಥಮಾಡಿಕೊಳ್ಳುವುದು ಕಷ್ಟ.

ಹ್ಯಾಚ್‌ಬ್ಯಾಕ್ ಎಂದರೆ ಪ್ರತ್ಯೇಕ ಡಿಕ್ಕಿಯಿಲ್ಲದೆ, ಹಿಂದಿನ ಗಾಜಿನ ಸಮೇತ ಮೇಲಕ್ಕೆತ್ತುವ ಹಿಂಬಾಗಿಲಿರುವ ಮೊಟಕು ಕಾರು. ಯುರೋಪಿನಲ್ಲಿ ಫೋಕ್ಸ್‌ವ್ಯಾಗನ್ 1976ರಲ್ಲಿ 110 ಅಶ್ವಶಕ್ತಿಯ ಗಾಲ್ಫ್ ಜಿಟಿಐಯನ್ನು ಮಾರುಕಟ್ಟೆಗೆ ಬಿಟ್ಟ ಮೇಲೆ, ದಿನಬಳಕೆಯ ಹಗುರ ಕಾರಿಗೆ ಬಲವಾದ ಎಂಜಿನ್ ಇಡುವ ಪದ್ಧತಿ ಒಂದು ವರ್ಗವಾಗಿಯೇ ಬೆಳೆಯಿತು. ಭಾರತದಲ್ಲಿ 1983ರ ಡಿಸೆಂಬರಿನಲ್ಲಿ ಹೊರಬಂದ ಮಾರುತಿ 800ರ ಎಂಜಿನ್ 796 ಸಿ.ಸಿ.ಯದು, ಮೂರೇ ಸಿಲಿಂಡರಿನದು. ಅದನ್ನು ಆಟೋಟದ ಕಾರೆಂದು ತಯಾರಕರು ಕರೆಯಲಿಲ್ಲವಾದರೂ, ಭಾರದ ಅಂಬಾಸಿಡರಿಗೆ ಒಗ್ಗಿದ್ದವರಿಗೆ ಅದರ ಲವಲವಿಕೆಯೇ ಹೊಸ ಅನುಭವವಾಗಿತ್ತು. ಅದರ ಎಂಜಿನ್ನನ್ನೇ ಬಳಸಿ ಒಂಟಿ ಆಸನದ ರೇಸಿಂಗ್ ಕಾರುಗಳನ್ನು ಕಟ್ಟಿದ ಕೊಯಮತ್ತೂರಿನ ಎಸ್. ಕರಿವರ್ಧನ್ ಅವರಿಂದಾಗಿ, ಕೈಗೆಟಕುವ ಯಂತ್ರದಲ್ಲಿಯೂ ಸ್ಪರ್ಧೆ ಸಾಧ್ಯವೆಂಬುದು ದಕ್ಷಿಣ ಭಾರತಕ್ಕೆ ಮನದಟ್ಟಾಯಿತು. ಕರ್ನಾಟಕದಲ್ಲಿ ಕೆ-1000 ರ‍್ಯಾಲಿಯೂ, ಆ ಬಳಿಕ ಚಿಕ್ಕಮಗಳೂರಿನ ಕಾಫಿ ತೋಟಗಳ ದಾರಿಯ ರ‍್ಯಾಲಿಗಳೂ ಇದೇ ಅಭಿರುಚಿಯನ್ನು ಪೋಷಿಸಿದವು.

ನಿಜವಾದ ಪ್ರಯೋಗಗಳಿಗೆ ಅವಕಾಶ ದೊರೆತದ್ದು 1993ರಲ್ಲಿ ಬಂದ ಝೆನ್ ಕಾರಿನಿಂದ. ಅದರ 993 ಸಿ.ಸಿ.ಯ ಅಲ್ಯೂಮಿನಿಯಂ ಎಂಜಿನ್ನೂ, ಮರುವರ್ಷ ಬಂದ ಎಸ್ಟೀಮ್ ಕಾರಿನ 1298 ಸಿ.ಸಿ.ಯ ಎಂಜಿನ್ನೂ ಸುಜುಕಿಯ ಒಂದೇ ವಂಶದವು. ಅಪಘಾತದಲ್ಲಿ ಜಖಂಗೊಂಡ ಎಸ್ಟೀಮಿನ ಎಂಜಿನ್ನನ್ನು ತಂದು ಝೆನ್ನಿಗೆ ಕೂರಿಸುವುದು ಈ ಬಾಂಧವ್ಯದಿಂದಾಗಿ ಸಾಧ್ಯವಾಗಿ, ದೇಶದ ಗ್ಯಾರೇಜುಗಳಲ್ಲಿ ಪ್ರಸಿದ್ಧ ಮಾರ್ಪಾಡಾಯಿತು. ಇಷ್ಟು ಖರ್ಚು ಮಾಡಲಾಗದವರು ಕಾರ್ಬ್ಯುರೇಟರನ್ನು ಹಿಡಿದರು. ಗಾಳಿ ಮತ್ತು ಪೆಟ್ರೋಲನ್ನು ಬೆರೆಸಿ ಎಂಜಿನ್ನಿಗೆ ಕಳಿಸುವ ಈ ಸಾಧನದಲ್ಲಿ ‘ಜೆಟ್’ ಎಂಬ ಸಣ್ಣ ಹಿತ್ತಾಳೆಯ ತುಣುಕಿರುತ್ತದೆ. ಅದರ ರಂಧ್ರದ ಅಳತೆಯ ಮೇಲೆ ಪೆಟ್ರೋಲಿನ ಪ್ರಮಾಣ ನಿರ್ಧಾರವಾಗುತ್ತದೆ. ದೊಡ್ಡ ಜೆಟ್ ಹಾಕಿ, ಓಡಿಸಿ, ಸ್ಪಾರ್ಕ್ ಪ್ಲಗ್ಗನ್ನು ಬಿಚ್ಚಿ ನೋಡಿದರೆ ಅದರ ತುದಿಯ ಬಣ್ಣವೇ ಫಲಿತಾಂಶವನ್ನು ಹೇಳುತ್ತಿತ್ತು: ಕಂದು ಬಂದರೆ ಮಿಶ್ರಣ ಸರಿ, ಮಸಿ ಹಿಡಿದಿದ್ದರೆ ಪೆಟ್ರೋಲು ಹೆಚ್ಚು, ಬಿಳಿಚಿದ್ದರೆ ಕಡಿಮೆಯಾಗಿ ಎಂಜಿನ್ ಬೇಯುತ್ತಿದೆ ಎಂದರ್ಥ. ಇನ್ನೊಂದು ಕೆಲಸ ‘ಹೆಡ್ ಫೇಸಿಂಗ್’, ಅಂದರೆ ಸಿಲಿಂಡರಿನ ಮುಚ್ಚಳದ ತಳವನ್ನು ಮಿಲಿಮೀಟರಿನ ಅಲ್ಪಭಾಗದಷ್ಟು ಕೆತ್ತಿ, ದಹನದ ಕೋಣೆಯನ್ನು ಕಿರಿದಾಗಿಸಿ ಒತ್ತಡ ಹೆಚ್ಚಿಸುವುದು. ಬಿಸಿಯಿಂದ ಸೊಟ್ಟಗಾದ ಹೆಡ್ಡನ್ನು ಸಮಮಾಡಲು ಹುಟ್ಟಿದ ಈ ದುರಸ್ತಿಯ ವಿದ್ಯೆಯೇ ಬಲ ಹೆಚ್ಚಿಸುವ ಉಪಾಯವೂ ಆಯಿತು. ಆದರೆ ಆಗ ಸಿಗುತ್ತಿದ್ದ ಕಡಿಮೆ ಆಕ್ಟೇನಿನ ಪೆಟ್ರೋಲಿಗೆ ಅತಿಯಾದ ಒತ್ತಡ ಒಗ್ಗದೆ, ಇಂಧನವು ಹೊತ್ತಿಗೆ ಮುನ್ನವೇ ಉರಿದು ಪಿಸ್ಟನ್ನಿಗೆ ಪೆಟ್ಟು ಕೊಡುವ ‘ನಾಕಿಂಗ್’ ತೊಂದರೆ ಕೂಡಲೇ ಕಾಣಿಸಿಕೊಳ್ಳುತ್ತಿತ್ತು.

2000ದ ಏಪ್ರಿಲ್‌ನಲ್ಲಿ ಹೊಗೆ ನಿಯಂತ್ರಣದ ಹೊಸ ಮಾನದಂಡ ದೇಶಾದ್ಯಂತ ಜಾರಿಗೆ ಬಂದ ಸುಮಾರಿಗೆ ಕಾರ್ಬ್ಯುರೇಟರಿನ ಯುಗ ಮುಗಿಯಿತು. ಅದೇ ದಶಕದಲ್ಲಿ ಸಂಕೇಶ್ವರದ ಮೂಲಕ ಹಾಯುವ ಪುಣೆ–ಬೆಂಗಳೂರು ಹೆದ್ದಾರಿ ಸುವರ್ಣ ಚತುಷ್ಪಥ ಯೋಜನೆಯಡಿ ನಾಲ್ಕು ಪಥವಾಯಿತು. ಎತ್ತಿನ ಗಾಡಿ, ಕಬ್ಬಿನ ಟ್ರ್ಯಾಕ್ಟರುಗಳ ನಡುವೆ ನುಸುಳಬೇಕಿದ್ದ ಕಾರಿಗೆ ಹುಕ್ಕೇರಿ ತಾಲೂಕಿನಲ್ಲಿಯೇ ನೂರರ ವೇಗದಲ್ಲಿ ಓಡುವ ದಾರಿ ದೊರೆತು, ಬ್ರೇಕು, ಟೈರು, ಸಸ್ಪೆನ್ಷನ್ನುಗಳ ಗುಣ ಮೊದಲ ಬಾರಿಗೆ ಸಾಮಾನ್ಯ ಮಾಲೀಕನ ಅನುಭವಕ್ಕೆ ಬಂತು. 2005ರ ಮೇ ತಿಂಗಳಲ್ಲಿ ಬಂದ ಸ್ವಿಫ್ಟ್ ಈ ದಾರಿಗೆ ಹೇಳಿ ಮಾಡಿಸಿದಂತಿತ್ತು: ಎಸ್ಟೀಮಿನ ವಂಶದ 1298 ಸಿ.ಸಿ. ಎಂಜಿನ್, 87 ಅಶ್ವಶಕ್ತಿ. ಆದರೆ 2006ರ ಕೇಂದ್ರ ಬಜೆಟ್ಟು ನಾಲ್ಕು ಮೀಟರಿಗಿಂತ ಗಿಡ್ಡವಾದ, 1200 ಸಿ.ಸಿ. ಮೀರದ ಪೆಟ್ರೋಲ್ ಎಂಜಿನ್ನಿನ ಕಾರುಗಳ ಅಬಕಾರಿ ಸುಂಕವನ್ನು ಶೇ. 24ರಿಂದ 16ಕ್ಕೆ ಇಳಿಸಿದ್ದರಿಂದ, 2010ರಲ್ಲಿ ಸ್ವಿಫ್ಟಿಗೂ 1.2 ಲೀಟರಿನ ಎಂಜಿನ್ ಬಂತು. ತೆರಿಗೆಯ ಒಂದು ಸಾಲು ಕಾರಿನ ಸ್ವಭಾವವನ್ನೇ ಬದಲಿಸಿದ ಉದಾಹರಣೆಯಿದು. ಮಾರ್ಪಾಡು ಪ್ರಿಯರು ಹಳೆಯ 1.3 ಸ್ವಿಫ್ಟನ್ನು ಹುಡುಕಿ ಕೊಳ್ಳುವುದರ ಹಿಂದೆ ಈ ಸುಂಕದ ಕಥೆಯೂ ಇದೆ.

ಸ್ವಿಫ್ಟಿನ ಟೈರಿನ ಬದಲಾವಣೆಯನ್ನು ಒಂದು ಮಾದರಿ ಮಾರ್ಪಾಡಾಗಿ ನೋಡಬಹುದು. ಕೆಳದರ್ಜೆಯ ಸ್ವಿಫ್ಟಿಗೆ 165/80 ಆರ್14 ಅಳತೆಯ ಟೈರು, ಮೇಲ್ದರ್ಜೆಯದಕ್ಕೆ 185/70 ಆರ್14. ಮೊದಲ ಸಂಖ್ಯೆ ಟೈರಿನ ಅಗಲ ಎಷ್ಟು ಮಿಲಿಮೀಟರೆಂಬುದನ್ನೂ, ಎರಡನೆಯದು ಆ ಅಗಲದ ಶೇಕಡಾ ಎಷ್ಟು ಭಾಗ ಅದರ ಪಕ್ಕದ ಎತ್ತರವೆಂಬುದನ್ನೂ, ಕೊನೆಯದು ರಿಮ್ಮಿನ ಅಂಗುಲವನ್ನೂ ಸೂಚಿಸುತ್ತವೆ. ಲೆಕ್ಕ ಹಾಕಿದರೆ ಒಟ್ಟು ವ್ಯಾಸ ಕ್ರಮವಾಗಿ ಸುಮಾರು 620 ಮತ್ತು 615 ಮಿ.ಮೀ. ಆಗುತ್ತದೆ, ವ್ಯತ್ಯಾಸ ಶೇ. 1ಕ್ಕಿಂತ ಕಡಿಮೆಯಾದ್ದರಿಂದ ವೇಗಮಾಪಕ ಹೆಚ್ಚು ಸುಳ್ಳು ಹೇಳುವುದಿಲ್ಲ, ನೆಲದ ಮೇಲಿನ ಹಿಡಿತ ಮಾತ್ರ ಹೆಚ್ಚುತ್ತದೆ. ಮಾರ್ಪಾಡುಗಳಲ್ಲೆಲ್ಲ ಅತ್ಯಂತ ವಿವೇಕದ್ದೆಂದು ಇದನ್ನು ಪರಿಗಣಿಸಬಹುದು. ಹದಿನೇಳು ಅಂಗುಲದ ರಿಮ್ಮಿನ ಆಸೆಗೆ ಬಿದ್ದು, ಪಕ್ಕ ತೆಳುವಾದ ಟೈರನ್ನು ಕಬ್ಬಿನ ಹಂಗಾಮಿನ ರಸ್ತೆಗಿಳಿಸಿ ರಿಮ್ಮು ಸೀಳಿಸಿಕೊಂಡವರ ಬಗ್ಗೆ ಹಾಗೆ ಹೇಳುವಂತಿಲ್ಲ.

2007ರಲ್ಲಿ ಸ್ವಿಫ್ಟಿಗೆ ಬಂದ 1248 ಸಿ.ಸಿ.ಯ ಡೀಸೆಲ್ ಎಂಜಿನ್ ಫಿಯೆಟ್ ಕಂಪನಿಯ ವಿನ್ಯಾಸ. ಟರ್ಬೋ, ಅಂದರೆ ಹೊಗೆಯ ರಭಸದಿಂದಲೇ ತಿರುಗಿ ಹೆಚ್ಚು ಗಾಳಿಯನ್ನು ಒಳದಬ್ಬುವ ಚಕ್ರ, ಮತ್ತು ಡೀಸೆಲನ್ನು ಅಧಿಕ ಒತ್ತಡದಲ್ಲಿ ಕಾದಿರಿಸಿ ಚಿಮ್ಮಿಸುವ ಕಾಮನ್ ರೈಲ್ ವ್ಯವಸ್ಥೆಯಿದ್ದ ಈ ಎಂಜಿನ್ 75 ಅಶ್ವಶಕ್ತಿಯದು. ಇದೇ ಎಂಜಿನ್ ಬೇರೆ ಕಾರುಗಳಲ್ಲಿ 90 ಅಶ್ವಶಕ್ತಿ ಕೊಡುತ್ತಿತ್ತು. ಕಡಿಮೆ ಖರ್ಚಿನ ಓಟವೂ ಟ್ರ್ಯಾಕ್ಟರಿನಂಥ ಎಳೆತವೂ ಒಂದೇ ಕಾರಿನಲ್ಲಿ ಕೂಡಿದ್ದು ಕೃಷಿಕ ಮನೆತನಗಳಿಗೆ ಹಿಡಿಸಿತು. ಆದರೆ ಇದರ ಬಲ ಹೆಚ್ಚಿಸಲು ತಿರುಪುಳಿ ಸಾಲದಾಯಿತು. ಇಸಿಯು ಎಂಬ ನಿಯಂತ್ರಕ ಗಣಕದೊಳಗಿನ ಕೋಷ್ಟಕಗಳು ಯಾವ ವೇಗಕ್ಕೆ ಎಷ್ಟು ಇಂಧನ, ಎಷ್ಟು ಗಾಳಿ ಎಂಬುದನ್ನು ನಿರ್ಧರಿಸುತ್ತವೆ. ಸ್ಟೀರಿಂಗಿನ ಕೆಳಗಿನ ಸಾಕೆಟ್ಟಿಗೆ ತಂತಿ ಜೋಡಿಸಿ, ಆ ಕೋಷ್ಟಕಗಳನ್ನು ಹೊರತೆಗೆದು, ತಿದ್ದಿ, ಮರಳಿ ಬರೆಯುವುದೇ ‘ರೀಮ್ಯಾಪ್’. ಈ ತಿದ್ದುವ ಕೆಲಸ ಬೆಂಗಳೂರು, ಕೊಚ್ಚಿಯಂಥ ನಗರಗಳ ಪರಿಣತರ ಪಾಲಾಯಿತು. ಊರಿನ ಮಿಸ್ತ್ರಿಗೆ ಉಳಿದದ್ದು, ಹೆಚ್ಚಿದ ಎಳೆತಕ್ಕೆ ಜಾರತೊಡಗಿದ ಕ್ಲಚ್ ಪ್ಲೇಟನ್ನೂ ಬಿರುಕು ಬಿಟ್ಟ ಟರ್ಬೋ ಹೋಸನ್ನೂ ಬದಲಿಸುವ ಕೆಲಸ. ಪಂಪ್‌ಸೆಟ್ಟಿನಿಂದ ಝೆನ್ನಿನವರೆಗೆ ಅಖಂಡವಾಗಿ ಹರಿದುಬಂದ ಕೈವಿದ್ಯೆಗೆ 1983ರ ಮಾರುತಿ ತಂದದ್ದಕ್ಕಿಂತ ದೊಡ್ಡ ತಿರುವನ್ನು ತಂದದ್ದು ಈ ಲ್ಯಾಪ್‌ಟಾಪೇ. 2010ರಲ್ಲಿ ಭಾರತಕ್ಕೆ ಬಂದ ಪೋಲೊ, ಅದರಲ್ಲೂ 2013ರ 105 ಅಶ್ವಶಕ್ತಿಯ ಟರ್ಬೋ ಪೆಟ್ರೋಲಿನ ಜಿಟಿ, ಈ ಹೊಸ ವಿಧಾನದ ಅಚ್ಚುಮೆಚ್ಚಿನ ಕಾರಾಯಿತು.

ನಿರ್ವಹಣೆಯ ವಿಷಯದಲ್ಲಿ ಮಾತ್ರ ನೆಲ ತನ್ನ ಷರತ್ತುಗಳನ್ನು ಬಿಟ್ಟುಕೊಟ್ಟಿಲ್ಲ. ಎರೆಮಣ್ಣಿನ ನುಣುಪು ಧೂಳು ಗಾಳಿಯ ಫಿಲ್ಟರನ್ನು ಪುಸ್ತಕದಲ್ಲಿ ಹೇಳಿದ ಅವಧಿಗಿಂತ ಬಹಳ ಮೊದಲೇ ಕಟ್ಟಿಸುತ್ತದೆ. ಸ್ಪ್ರಿಂಗನ್ನು ಕತ್ತರಿಸಿ ತಗ್ಗಿಸಿದ ಕಾರು ಹಳ್ಳಿಯ ಹಂಪಿನ ಮೇಲೆ ಹೊಟ್ಟೆ ಉಜ್ಜಿಕೊಂಡು ಎಣ್ಣೆಯ ಸಂಪನ್ನೇ ಒಡೆದುಕೊಳ್ಳುತ್ತದೆ. 2019ರ ಆಗಸ್ಟಿನಲ್ಲಿ ಘಟಪ್ರಭೆ ಉಕ್ಕಿ ಗೋಕಾಕ ಪಟ್ಟಣಕ್ಕೂ ತೀರದ ಹಳ್ಳಿಗಳಿಗೂ ನುಗ್ಗಿ, ಲೋಳಸೂರ ಸೇತುವೆ ಮುಳುಗಿದಂಥ ಸಂದರ್ಭದಲ್ಲಿ ಎದುರಾಗುವ ಅಪಾಯ ಇನ್ನೂ ದೊಡ್ಡದು. ನೀರು ಗಾಳಿಯ ಕೊಳವೆಯ ಮೂಲಕ ಸಿಲಿಂಡರನ್ನು ಸೇರಿದರೆ, ಗಾಳಿಯಂತೆ ಅದು ಕುಗ್ಗುವುದಿಲ್ಲ; ಏರಿಬಂದ ಪಿಸ್ಟನ್ನಿಗೆ ಎಡೆ ಸಿಗದೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ತಂಪು ಗಾಳಿ ಸಿಗಲೆಂದು ಕಂಪನಿಯ ಫಿಲ್ಟರ್ ಪೆಟ್ಟಿಗೆಯನ್ನು ಕಿತ್ತು, ಬಂಪರಿನ ಹಿಂದೆ ತಗ್ಗಿನಲ್ಲಿ ಶಂಕುವಿನಾಕಾರದ ಫಿಲ್ಟರನ್ನು ಕೂರಿಸಿದ ಕಾರಿಗೆ ಮೊಳಕಾಲುದ್ದದ ನೀರೂ ಇದಕ್ಕೆ ಸಾಕು. ನೆರೆಯಲ್ಲಿ ನಿಂತ ಕಾರಿನ ಚಾವಿ ತಿರುಗಿಸದೆ, ಮೊದಲು ಬ್ಯಾಟರಿಯ ತಂತಿ ಕಳಚಿ, ಗ್ಯಾರೇಜಿಗೆ ಎಳೆಸಿಕೊಂಡು ಹೋಗಬೇಕೆನ್ನುವುದು ಇದೇ ಕಾರಣಕ್ಕೆ.

ದುರಸ್ತಿಗೂ ಮಾರ್ಪಾಡಿಗೂ ನಡುವೆ ಮಿಸ್ತ್ರಿಗಳು ಎಳೆಯದ ಗೆರೆಯನ್ನು ಕೊನೆಗೆ ಕಾನೂನು ಎಳೆಯಿತು. 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮಿಗೆ 2000ದಲ್ಲಿ ತಂದ ತಿದ್ದುಪಡಿಯು, ನೋಂದಣಿ ಪತ್ರದ ವಿವರಗಳು ತಯಾರಕರು ಮೂಲತಃ ನಿಗದಿಪಡಿಸಿದ್ದಕ್ಕಿಂತ ಭಿನ್ನವಾಗುವಂತೆ ವಾಹನವನ್ನು ಬದಲಿಸಬಾರದೆಂದು ವಿಧಿಸಿತು. ಅನಿಲದ ಕಿಟ್ ಅಳವಡಿಕೆಯಂಥವಕ್ಕೆ ಅನುಮತಿಯ ದಾರಿ ಇರಿಸಲಾಯಿತು. 2012ರಲ್ಲಿ ಸರ್ವೋಚ್ಚ ನ್ಯಾಯಾಲಯ ಕಾರಿನ ಗಾಜುಗಳಿಗೆ ಕಪ್ಪು ಫಿಲ್ಮ್ ಅಂಟಿಸುವುದನ್ನು ನಿಷೇಧಿಸಿತು; 2019ರ ಜನವರಿಯಲ್ಲಿ ಕೇರಳದ ಪ್ರಕರಣವೊಂದರಲ್ಲಿ, ಮೂಲ ವಿನ್ಯಾಸಕ್ಕೆ ವ್ಯತಿರಿಕ್ತವಾದ ಮಾರ್ಪಾಡಿಗೆ ರಾಜ್ಯದ ನಿಯಮಗಳೂ ಅವಕಾಶ ಕೊಡಲಾಗದೆಂದು ಹೇಳಿತು. ಅದೇ ವರ್ಷದ ತಿದ್ದುಪಡಿಯು ಅನಧಿಕೃತ ಮಾರ್ಪಾಡೊಂದಕ್ಕೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗಿನ ಸೆರೆಯನ್ನು ನಿಗದಿಗೊಳಿಸಿತು. ಕರ್ಕಶ ಸೈಲೆನ್ಸರಿನ ವಿಷಯದಲ್ಲಿ ಈ ಕಠೋರತೆಯನ್ನು ಆಕ್ಷೇಪಿಸುವವರು ಕಡಿಮೆ. ಆದರೆ ಒಳ್ಳೆಯ ಬ್ರೇಕನ್ನೂ ಕೆಟ್ಟ ದೀಪವನ್ನೂ ಒಂದೇ ತಕ್ಕಡಿಯಲ್ಲಿ ತೂಗುವ ಕಾನೂನು, ಪರೀಕ್ಷಿಸಿ ಒಪ್ಪಿಗೆ ಕೊಡುವ ಜರ್ಮನಿಯ ಪದ್ಧತಿಯೊಡನೆ ಹೋಲಿಸಿದಾಗ ಒರಟಾಗಿಯೇ ತೋರುತ್ತದೆ.

2005ರಿಂದ 2010ರವರೆಗಿನ 1.3 ಸ್ವಿಫ್ಟುಗಳು ಹದಿನೈದು ವರ್ಷ ದಾಟಿ ಮರುನೋಂದಣಿಯ ಹಂತಕ್ಕೆ ಬಂದಿವೆ. 2022ರ ಏಪ್ರಿಲ್‌ನಲ್ಲಿ ಅದರ ಶುಲ್ಕ 600ರಿಂದ 5,000 ರೂಪಾಯಿಗೆ ಏರಿತು. ಬೆಳಗಾವಿಯ ಕೆಎ-22, ಚಿಕ್ಕೋಡಿಯ ಕೆಎ-23, ಗೋಕಾಕದ ಕೆಎ-49 ಸಂಖ್ಯೆಯ ಕಾರುಗಳು ತಪಾಸಣೆಗೆ ಹೋಗುವ ಮುನ್ನ ಕಂಪನಿಯ ಮೂಲ ಸೈಲೆನ್ಸರು, ದೀಪ, ಚಕ್ರಗಳು ಮತ್ತೆ ಜಾಗಕ್ಕೆ ಬರಬೇಕಾಗುತ್ತದೆ. ಹೀಗಾಗಿ ಕಳಚಿದ ಸಾಮಾನನ್ನು ಗುಜರಿಗೆ ಹಾಕದೆ ಗೋಣಿಯಲ್ಲಿ ಕಟ್ಟಿಡುವುದು ಅನುಭವಸ್ಥರ ಪದ್ಧತಿ. ಎಂಜಿನ್ನಿನ ಬಿಡಿಭಾಗಗಳಿಗೆ ಅಷ್ಟು ಕೊರತೆಯಿಲ್ಲ, ಏಕೆಂದರೆ ಅದೇ ವಂಶದ 1.3 ಲೀಟರಿನ ಎಂಜಿನ್ನನ್ನು ಹೊತ್ತ ಜಿಪ್ಸಿ ನಾಗರಿಕ ಮಾರುಕಟ್ಟೆಯಲ್ಲಿ 2019ರವರೆಗೆ ಉಳಿದಿತ್ತು, ಸೇನೆಗಾಗಿ ಆ ನಂತರವೂ ತಯಾರಾಯಿತು.