ಸೂಪರ್ಸಿಲಿಯಸ್: ಹೆಸರಲ್ಲಿ ಸೂಪರ್ ಇದ್ರೂ ಇದು ಹೊಗಳಿಕೆ ಅಲ್ಲ

ಇಂಗ್ಲಿಷ್‌ನಲ್ಲಿ ಸೂಪರ್ಸಿಲಿಯಸ್ ಅಂತ ಒಂದು ಗುಣವಾಚಕ ಇದೆ. ಬಳಕೆ ಕಡಿಮೆ. ಡಿಗ್ರಿ ಓದುವಾಗ (ಮುಗಿಸಲಿಲ್ಲ, ಅದು ಬೇರೆ ಕಥೆ) ನಾನಿದನ್ನ ‘ತುಂಬಾ ಒಳ್ಳೆಯ’ ಅಂತ ಬರೆದು ಮಾರ್ಕ್ಸ್ ಕಳ್ಕೊಂಡಿದ್ದೆ. ನಿಜವಾದ ಅರ್ಥ, ತಾನು ಮೇಲಿನವನು, ಎದುರಿಗಿರುವವರು ಲೆಕ್ಕಕ್ಕಿಲ್ಲ ಅನ್ನೋ ಧಿಮಾಕಿನ.

ಮೂಲ ಲ್ಯಾಟಿನ್. ಸೂಪರ್ ಅಂದ್ರೆ ಮೇಲೆ, ಸಿಲಿಯಂ ಅಂದ್ರೆ ಕಣ್ಣಿನ ರೆಪ್ಪೆ. ಎರಡೂ ಸೇರಿ ಹುಬ್ಬು. ಹುಬ್ಬು ಎತ್ತಿ ನೋಡೋದು ಅಹಂಕಾರದ ಗುರುತಾಗಿ, 16ನೇ ಶತಮಾನದಲ್ಲಿ ಇಂಗ್ಲಿಷ್‌ಗೆ ಬಂತು. ನಮ್ಮಲ್ಲಿ ಹುಬ್ಬೇರಿಸಿದರೆ ಆಶ್ಚರ್ಯ, ಗಂಟಿಕ್ಕಿದರೆ ಸಿಟ್ಟು. ತಾತ್ಸಾರಕ್ಕೆ ಕನ್ನಡದವರು ಮುರಿಯೋದು ಮೂಗನ್ನ.

ನೋಟ, ನಗು, ದನಿ, ಮನುಷ್ಯ ಎಲ್ಲಕ್ಕೂ ಈ ಪದ ಹೊಂದುತ್ತೆ. ಆದರೆ ಬರೀ ತಿರಸ್ಕಾರಕ್ಕೆ ಇದನ್ನ ಹಾಕಬಾರದು. ಮೋಸ ಮಾಡಿದ ಮಾಲೀಕನನ್ನ ಕೂಲಿಯವರು ತಿರಸ್ಕಾರದಿಂದ ನೋಡಬಹುದು, ಅದು ಸೂಪರ್ಸಿಲಿಯಸ್ ಆಗಲ್ಲ. ಇದು ಮೇಲಿಂದ ಕೆಳಕ್ಕೆ ಹರಿಯೋ ಪದ. ಕಂಟೆಂಪ್ಚುಯಸ್, ಕಂಟೆಂಪ್ಟಿಬಲ್ ಕೂಡ ಜನ ಅದಲು ಬದಲು ಮಾಡ್ತಾರೆ: ಮೊದಲನೆಯದು ತಿರಸ್ಕರಿಸುವವನಿಗೆ, ಎರಡನೆಯದು ತಿರಸ್ಕಾರಕ್ಕೆ ಅರ್ಹನಾದವನಿಗೆ.

ಕನ್ನಡದಲ್ಲಿ ಸೊಕ್ಕು, ಗತ್ತು, ಉಡಾಫೆ, ಅಸಡ್ಡೆ ಅಂತ ಪದಗಳಿಗೇನೂ ಬರ ಇಲ್ಲ. ಅಸಡ್ಡೆ ಹುಟ್ಟಿದ್ದು ಅಶ್ರದ್ಧೆಯಿಂದ. ಆದರೆ ತೋಟದ ಲೈನ್‌ಮನೆಯಲ್ಲಿ ಬೆಳೆದವರಿಗೆ ಗೊತ್ತು, ತಾತ್ಸಾರ ತೋರಿಸೋಕೆ ಇಲ್ಲಿ ಯಾವ ಪದವೂ ಬೇಕಿಲ್ಲ, ಕ್ರಿಯಾಪದದ ಬಾಲ ಸಾಕು. ಹಣ್ಣು ಕುಯ್ಯೋಕೆ ಹೋಗ್ತಿದ್ದ ನಮ್ಮಜ್ಜಿಯನ್ನ ಮೊಮ್ಮಗನ ವಯಸ್ಸಿನ ಹುಡುಗನೊಬ್ಬ ‘ಏಯ್, ಬಾರೆ ಇಲ್ಲಿ’ ಅಂತಿದ್ದ. ಅದರಲ್ಲಿ ಒಂದೂ ಕೆಟ್ಟ ಮಾತಿಲ್ಲ. ಇಂಗ್ಲಿಷ್‌ಗೆ ತಿರುಗಿಸಿದರೆ ‘ಇಲ್ಲಿ ಬಾ’ ಅಂತಷ್ಟೇ ಉಳಿಯುತ್ತೆ, ಅವಮಾನ ಅರ್ಧದಾರೀಲೇ ಬಿದ್ದುಹೋಗುತ್ತೆ. ಅದನ್ನ ಎತ್ಕೊಂಡು ಬರೋಕೆ ಇಂಗ್ಲಿಷ್‌ನವರಿಗೆ ಇಂಥ ಗುಣವಾಚಕ ಬೇಕಾಗೋದು.

ದೂರು ಬರೆಯುವಾಗ ಇದು ಉಪಯೋಗಕ್ಕೆ ಬರುತ್ತೆ. 1989ರ ಪರಿಶಿಷ್ಟ ಜಾತಿ ಮತ್ತು ಪರಿಶಿಷ್ಟ ಪಂಗಡಗಳ (ದೌರ್ಜನ್ಯ ತಡೆ) ಕಾಯ್ದೆ ಪ್ರಕಾರ, ಈ ಸಮುದಾಯದವರನ್ನ ಹೊರಗಿನವರು ಸಾರ್ವಜನಿಕರಿಗೆ ಕಾಣುವ ಜಾಗದಲ್ಲಿ, ಹೀನಾಯ ಮಾಡೋ ಉದ್ದೇಶದಿಂದಲೇ ಅವಮಾನಿಸಿದರೆ ಅಪರಾಧ. ಬರೀ ಹುಬ್ಬೇರಿಸಿದ್ದಕ್ಕೆ ಕೇಸ್ ನಿಲ್ಲಲ್ಲ, ಉದ್ದೇಶ ಕಾಣಬೇಕು. ಹಾಗಾಗಿ ‘ಅವಾಚ್ಯ ಶಬ್ದಗಳಿಂದ ನಿಂದಿಸಿದರು’ ಅಂತ ಒಂದೇ ಸಾಲಲ್ಲಿ ಮುಗಿಸಬೇಡಿ. ಆಡಿದ ಮಾತನ್ನ ಹೋಗೇ, ಬಾರೋ ಸಮೇತ ಹಾಗೇ ಕನ್ನಡದಲ್ಲಿ ಬರೆಸಿ. ಎಲ್ಲಿ, ಎಷ್ಟೊತ್ತಿಗೆ, ಯಾರ ಎದುರಿಗೆ ಅನ್ನೋದನ್ನೂ ಸೇರಿಸಿ. ಸಹಿ ಹಾಕೋ ಮೊದಲು ಓದಿ ಹೇಳೋಕೆ ಕೇಳಿ.